ಬಂದರಿಗೆ ಹೋಗುದು ಬೇಡ

ಅಣ್ಣನ ಮಗಳು ಪುಟ್ಟಿ ದಾವಣಗೆರೆಯಿಂದ ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್ ಹಾಕಿದ್ದಳು. “ಅತ್ತೆ, ಅಷ್ಟಮಿ ಟೈಮಲ್ಲಿ ನಾವು ನಾಲ್ಕು ಜನ ಮಂಗಳೂರು, ಉಡುಪಿ ಬರ್ತಿದೀವಿ. ರೂಮ್ ಬುಕ್ ಮಾಡೋಕ್ಕಿಂತ ಮುಂಚೆ ಯಾವ ಏರಿಯಾ ಸರಿ ಇಲ್ಲ, ಯಾವ ಕಡೆ ಹೋಗಬಾರದು ಅಂತ ಒಂದು ಲಿಸ್ಟ್ ಕಳ್ಸಿ ಪ್ಲೀಸ್.”

ಮಂಗಳೂರಿನ ಜೆಪ್ಪುವಿನಲ್ಲಿ ನಾನೊಬ್ಬಳು ಎರಡು ಕೋಣೆ ಖಾಲಿ ಇಟ್ಟುಕೊಂಡು ಕೂತಿರುವಾಗ ಇವಳು ರೂಮ್ ಬುಕ್ ಮಾಡುವುದೇ ಎಂದು ಮೊದಲು ಸಿಟ್ಟು ಬಂತು. ಆಮೇಲೆ, ಇಪ್ಪತ್ತೆರಡರ ಪ್ರಾಯದಲ್ಲಿ ಅತ್ತೆ ಮನೆಯಲ್ಲಿ ಉಳಿದರೆ ಅದು ಪ್ರವಾಸ ಎಲ್ಲಿಂದಾಯಿತು, ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಗಂಜಿ, ಸಂಜೆ “ಎಷ್ಟೊತ್ತಿಗೆ ಬರ್ತೀ” ಎಂಬ ಪ್ರಶ್ನೆ, ಅಷ್ಟೇ ಆಗುತ್ತಿತ್ತು ಎಂದು ಸುಮ್ಮನಾದೆ.

ಬೆಳಿಗ್ಗೆ ಚಾ ಹಿಡಿದುಕೊಂಡು ಪಟ್ಟಿ ಮಾಡಲು ಕೂತೆ. ಮೂವತ್ತು ವರ್ಷ ಇದೇ ಊರಿನ ಸಿಟಿ ಬಸ್ಸುಗಳಲ್ಲಿ ಜೋತುಬಿದ್ದು ಕೆಲಸಕ್ಕೆ ಹೋಗಿ ಬಂದವಳಿಗೆ ಇದೊಂದು ದೊಡ್ಡ ವಿಷಯವೇ ಎಂದುಕೊಂಡೆ. ಯೋಚಿಸುವ ಮೊದಲೇ ಹೆಬ್ಬೆರಳು ಒಂದು ಹೆಸರು ಒತ್ತಿಯಾಗಿತ್ತು: ಬಂದರು.

ಒತ್ತಿದ ಮೇಲೆ ನನಗೇ ನಾಚಿಕೆಯಾಯಿತು. ಯಾಕೆಂದರೆ ನಮ್ಮ ಮನೆಯ ಅನ್ನ ಬಂದದ್ದೇ ಬಂದರಿನಿಂದ.

ಬಂದರು ಎಂದರೆ ಹಳೆ ಬಂದರಿನ ಪಕ್ಕದ ಸಗಟು ಪೇಟೆ. ಅಪ್ಪ ಅಲ್ಲಿನ ಒಂದು ಜೀನಸಿನ ಅಂಗಡಿಯಲ್ಲಿ ರೈಟರ್ ಆಗಿದ್ದರು. (ನಮ್ಮಲ್ಲಿ ರೈಟರ್ ಎಂದರೆ ಲೆಕ್ಕ ಬರೆಯುವವರು. ಶಾಲೆಯಲ್ಲಿ “ನನ್ನ ಅಪ್ಪ ರೈಟರ್” ಎಂದು ಬರೆದಾಗ, ಮೈಸೂರು ಕಡೆಯಿಂದ ಬಂದ ಟೀಚರೊಬ್ಬರು ಯಾವ ಕಾದಂಬರಿ ಬರೆದಿದ್ದಾರೆ ಎಂದು ಕೇಳಿದ್ದರು.) ಸಂಜೆ ಅಪ್ಪ ಮನೆಗೆ ಬಂದರೆ ಅವರಿಗಿಂತ ಮೊದಲು ಒಣಮೆಣಸಿನ ಘಾಟು ಒಳಗೆ ಬರುತ್ತಿತ್ತು. ಅಮ್ಮ ಅಂಗಿಯನ್ನು ಹೊರಗಿನ ಹಗ್ಗಕ್ಕೇ ಹಾಕುತ್ತಿದ್ದಳು. ಅಂಥ ಅಮ್ಮನೇ ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಿದ್ದ ಮಾತು: “ಸ್ಟೇಟ್ ಬ್ಯಾಂಕಿನವರೆಗೆ ಹೋಗು. ಅಲ್ಲಿಂದ ಕೆಳಗೆ ಬಂದರಿಗೆ ಹೋಗುದು ಬೇಡ.” (ನಮ್ಮಲ್ಲಿ ಸ್ಟೇಟ್ ಬ್ಯಾಂಕು ಎಂದರೆ ಸಿಟಿ ಬಸ್ಸುಗಳು ನಿಲ್ಲುವ ಜಾಗ.)

ಒಮ್ಮೆ ಮಾತ್ರ ಅವಳೇ ಕಳಿಸಬೇಕಾಯಿತು. ನಾನು ಆರನೇ ಕ್ಲಾಸು. ಅಪ್ಪ ಬುತ್ತಿ ಬಿಟ್ಟು ಹೋಗಿದ್ದರು, ಅಣ್ಣನಿಗೆ ಜ್ವರ. “ಸೀದ ಹೋಗು, ಸೀದ ಬಾ. ಯಾರ ಮುಖವನ್ನೂ ನೋಡುದು ಬೇಡ” ಎಂದು ಬುತ್ತಿಪಾತ್ರೆಯನ್ನು ಚೀಲಕ್ಕೆ ಹಾಕಿ ಕೊಟ್ಟಳು. ನಾನು ಹೇಳಿದ ಮಾತು ಕೇಳುವ ಹುಡುಗಿ. ಯಾರ ಮುಖವನ್ನೂ ನೋಡಲಿಲ್ಲ. ತಲೆ ತಗ್ಗಿಸಿಕೊಂಡೇ ನಡೆದೆ. ಹಾಗಾಗಿ ಬಂದರನ್ನು ಮೊದಲ ಸಲ ನಾನು ನೋಡಿದ್ದು ನೆಲದ ಕಡೆಯಿಂದ. ಗಾಡಿಯ ಚಕ್ರ ಕೊರೆದ ಗುಂಡಿಗಳಲ್ಲಿ ನಿಂತ ನೀರು, ಅದರ ಮೇಲೆ ತೇಲುವ ನೀರುಳ್ಳಿ ಸಿಪ್ಪೆ. ಗೋಣಿಯ ನಾರು. ಮೆಣಸಿನ ಬೀಜ. ಆಮೇಲೆ ಕಾಲುಗಳು: ಒಡೆದ ಹಿಮ್ಮಡಿಯ, ಉಪ್ಪು ಹತ್ತಿ ಬೆಳ್ಳಗಾದ, ಟಯರಿನ ಚಪ್ಪಲಿ ಹಾಕಿದ, ಮೇಲೆ ಎಪ್ಪತ್ತು ಎಂಬತ್ತು ಕಿಲೋ ಮೂಟೆ ಇರುವುದರಿಂದ ಒಂದೊಂದೇ ಹೆಜ್ಜೆ ಲೆಕ್ಕ ಮಾಡಿ ಇಡುವ ಕಾಲುಗಳು. ಎಲ್ಲೋ ಮೆಣಸಿನ ಮೂಟೆ ಕೊಡವಿದರು. ನನಗೆ ಸೀನು ಶುರುವಾಯಿತು, ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು ತುಂಬಿ ನೆಲವೂ ಕಾಣದಾಯಿತು. ಯಾರೋ ನನ್ನ ಜಡೆ ಹಿಡಿದು ಬದಿಗೆ ಎಳೆದರು. ಕೈಗಾಡಿಯೊಂದು ಮೈ ಸವರಿಕೊಂಡು ಹೋಯಿತು. “ಏ, ಇದು ರೈಟ್ರ ಮಗಳಲ್ವಾ? ಮೇಲೆ ನೋಡಿ ನಡಿ ಮಾರಾಯ್ತಿ!”

ಜಡೆ ಎಳೆದವರ ಮುಖ ಇವತ್ತಿಗೂ ಗೊತ್ತಿಲ್ಲ. ಅಮ್ಮ ಹೇಳಿದ್ದಳಲ್ಲ.

ಅಮ್ಮನ ಭಯಕ್ಕೆ ಅವಳು ಕೊಡುತ್ತಿದ್ದ ಕಾರಣಗಳು ಎರಡು. ಗಂಡಸರೇ ತುಂಬಿದ ಜಾಗ, ಸಾರಾಯಿ ಅಂಗಡಿ ಹೆಚ್ಚು. ಬಾಯಿಬಿಟ್ಟು ಹೇಳದ ಮೂರನೆಯದೊಂದಿತ್ತು. ಬಂದರು ಎಂದರೆ ಬ್ಯಾರಿಗಳ, ಅಂದರೆ ಇಲ್ಲಿನ ಮುಸ್ಲಿಮರ, ಊರು ಎಂದು. ಅಪ್ಪನಿಗೆ ತಿಂಗಳ ಒಂದನೇ ತಾರೀಕು ತಪ್ಪದೆ ಸಂಬಳ ಎಣಿಸಿ ಕೊಡುತ್ತಿದ್ದ ಸಾಹುಕಾರರು ಯಾರು ಎಂಬುದನ್ನು ಅವಳು ಆ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಬಹಳ ವರ್ಷಗಳ ನಂತರ, ನಾನು ಕೆಲಸ ಮಾಡುತ್ತಿದ್ದಲ್ಲಿ ಬಂದರಿನ ಕಡೆಯ ಹುಡುಗಿಯೊಬ್ಬಳು ಪಕ್ಕದ ಮೇಜಿಗೆ ಬಂದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮನ ಈ ನಿಷೇಧದ ಕತೆ ಹೇಳಿ ನಕ್ಕೆ. ಅವಳೂ ನಕ್ಕಳು. “ನನ್ನ ಉಮ್ಮನ ಪಟ್ಟಿಯೂ ಉಂಟು ಅಕ್ಕ. ಅದರಲ್ಲಿ ನಿಮ್ಮ ಬೀದಿಯ ಹೆಸರು ಉಂಟು.”

ನಮ್ಮ ಬೀದಿಯಾ! ಅಲ್ಲಿ ಅಪಾಯ ಎಂದರೆ ಎದುರುಮನೆಯವರ ನಾಯಿ ಒಂದೇ. ನನಗೆ ಸ್ವಲ್ಪ ಬೇಜಾರೇ ಆಯಿತು ಎನ್ನಬೇಕು.

ಈಗಲೂ ಹೊರಗಿನಿಂದ ಬಂದವರಿಗೆ ಹೋಟೆಲಿನವರು, ರಿಕ್ಷಾದವರು, ನೆಂಟರು, ಎಲ್ಲರೂ ಇದೇ ಧಾಟಿಯಲ್ಲಿ ಹೇಳುತ್ತಾರೆ. ದಕ್ಕೆಯ ಕಡೆ, ಅಂದರೆ ಮೀನಿನ ಬೋಟು ಕಟ್ಟುವಲ್ಲಿ, ಎಂತ ಉಂಟು, ವಾಸನೆ. ಬೆಂಗ್ರೆಗೆ ಯಾಕೆ, ಅಲ್ಲಿ ನೋಡಲಿಕ್ಕೆ ಎಂತದೂ ಇಲ್ಲ. ಅದೇ ಉಸಿರಿನಲ್ಲಿ, ತಣ್ಣೀರುಬಾವಿಗೆ ಹೋಗಿ, ಬೀಚು ಚಂದ ಉಂಟು. ಊರಿನ ನಕ್ಷೆ ತೆಗೆದು ನೋಡಿದರೆ ತಮಾಷೆ ಗೊತ್ತಾಗುತ್ತದೆ. ಫಲ್ಗುಣಿ ನದಿ ಕಡಲಿಗೆ ಬೆನ್ನು ಕೊಟ್ಟು ಸ್ವಲ್ಪ ದೂರ ದಕ್ಷಿಣಕ್ಕೆ ಹರಿಯುತ್ತದಲ್ಲ, ಆ ನದಿಗೂ ಕಡಲಿಗೂ ನಡುವೆ ನಾಲಗೆಯ ಹಾಗೆ ಚಾಚಿರುವುದು ಒಂದೇ ಮರಳಿನ ಪಟ್ಟಿ. ಉತ್ತರದ ಕಡೆಯ ತುಂಡಿಗೆ ತಣ್ಣೀರುಬಾವಿ ಎಂದು ಹೆಸರು, ದಕ್ಷಿಣದ ಕಡೆಯದಕ್ಕೆ ತೋಟ ಬೆಂಗ್ರೆ, ಕಸಬಾ ಬೆಂಗ್ರೆ. ಒಂದೇ ಮರಳು, ಒಂದೇ ಕಡಲು, ಒಂದೇ ಗಾಳಿ. ಆ ತುದಿಯಲ್ಲಿ ಚರುಮುರಿ ಗಾಡಿ, ಈ ತುದಿಯಲ್ಲಿ ಬಲೆ ಹೆಣೆಯುವ ಮನೆಗಳು. ಬೆಂಗ್ರೆಯ ಜನ ಪೇಟೆಗೆ ಬರಲು ದೋಣಿ ಹತ್ತಿ ನದಿ ದಾಟುತ್ತಾರೆ, ಶಾಲೆಯ ಮಕ್ಕಳೂ ಹಾಗೆಯೇ ಬರುತ್ತಾರೆ. ಪ್ರವಾಸಿಗರು ಕೂಡ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ತಣ್ಣೀರುಬಾವಿಗೆ ಹೋಗಿ “ವಾವ್” ಎನ್ನುತ್ತಾರೆ.

ನಾನು “ಬಂದರು” ಅಳಿಸಿದೆ. ಬೇರೆ ಏನು ಬರೆಯಲಿ ಎಂದು ಯೋಚಿಸುತ್ತಿದ್ದಾಗ ನೆನಪಾದದ್ದು ದಾವಣಗೆರೆಯವರದೇ ಒಂದು ಪರ್ಸು.

1996ರ ಜೂನ್. ಅಣ್ಣ ಆಗಷ್ಟೇ ದಾವಣಗೆರೆಯಲ್ಲಿ ಕೆಲಸಕ್ಕೆ ಸೇರಿದ್ದ. ಆಫೀಸಿನ ಒಬ್ಬರನ್ನು ಕರೆದುಕೊಂಡು ಊರಿಗೆ ಬಂದಿದ್ದ. ಮೂವತ್ತೈದರ ಆಸುಪಾಸು, ದಪ್ಪ ಮೀಸೆ, ಬಹಳ ಮರ್ಯಾದೆಯ ಮನುಷ್ಯ. ಕಡಲು ನೋಡಿದವರಲ್ಲ. ಸ್ಟೇಟ್ ಬ್ಯಾಂಕಿನಲ್ಲಿ ಜೇಬುಗಳ್ಳರಿದ್ದಾರೆ, ಬಂದರಿನ ಕಡೆ ಹೋಗಲೇಬೇಡಿ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ಅವರು ಪರ್ಸನ್ನು ಬನಿಯನ್ನಿನೊಳಗೆ ಇಟ್ಟುಕೊಂಡು, ಮೇಲೆ ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿಕೊಂಡು, ಸ್ಟೇಟ್ ಬ್ಯಾಂಕು ದಾಟುವವರೆಗೆ ಎದೆಯ ಮೇಲೆ ಕೈ ಇಟ್ಟುಕೊಂಡೇ ಬಂದರು. ನೋಡಿದವರು ಹಾರ್ಟಿನ ತೊಂದರೆ ಎಂದುಕೊಳ್ಳಬೇಕು.

ಮರುದಿನ ಸೋಮೇಶ್ವರಕ್ಕೆ ಹೋದೆವು. ದೇವಸ್ಥಾನಕ್ಕೆ ಕೈಮುಗಿದು ಕೆಳಗಿಳಿದರೆ ಬಂಡೆಗಳು, ಬಂಡೆಯ ಪಕ್ಕ ಮರಳು. ಮಳೆ ಸ್ವಲ್ಪ ಬಿಟ್ಟಿತ್ತು. ಕಡಲಿನ ಬಣ್ಣ ಚಾ ತರಹ. ಅವರು ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ಬರೀ ಪಾದ ಒದ್ದೆ ಮಾಡಿಕೊಳ್ಳುವಷ್ಟು ನೀರಿನಲ್ಲಿ ನಿಂತಿದ್ದರು. ನನಗೂ ಅವರಿಗೂ ನಡುವೆ ಹದಿನೈದು ಮಾರು ಇರಬಹುದು. ಒಂದು ತೆರೆ ಬಂತು, ಅದೇನು ದೊಡ್ಡದಲ್ಲ. ವಾಪಸ್ ಹೋಗುವಾಗ ಅವರ ಕಾಲಡಿಯ ಮರಳನ್ನು ಎಳೆದುಕೊಂಡು ಹೋಯಿತು. ಅವರು ಕೂತರು. ಕೂತದ್ದೇ ನಾನು ನಕ್ಕೆ. ಎರಡನೇ ತೆರೆಗೆ ಅವರು ಇದ್ದಲ್ಲಿ ಇರಲಿಲ್ಲ.

ಬಂಡೆಯ ಮೇಲೆ ಬೀಸುಬಲೆ ಹಿಡಿದು ನಿಂತಿದ್ದ ಒಬ್ಬರು ಬಲೆಯನ್ನು ಅಲ್ಲೇ ಬಿಸಾಕಿ ಹಾರಿದರು. ಇಡೀ ವಿಷಯ ಎರಡು ಮೂರು ನಿಮಿಷದ್ದು. ಕಾಲರಿನಲ್ಲಿ ಹಿಡಿದು ಎಳೆದು ತಂದು ಮರಳಿನ ಮೇಲೆ ಹಾಕಿ, ನಮ್ಮನ್ನು ತುಳುವಿನಲ್ಲಿ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನ್ಯಾಯವಾಗಿಯೇ ಬೈದರು. ಘಟ್ಟದ ಮೇಲಿನವರಿಗೆ ಗೊತ್ತಿಲ್ಲ, ನಿಮಗೆ ಗೊತ್ತಿಲ್ವಾ ಎಂಬುದು ಅದರ ಸಾರಾಂಶ.

ಆ ರಾತ್ರಿ ನಮ್ಮ ಚಾವಡಿಯಲ್ಲಿ ಫ್ಯಾನಿನ ಕೆಳಗೆ ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಸಾಲಾಗಿ ಹರಡಿ, ಹಾರಿಹೋಗದ ಹಾಗೆ ಒಂದೊಂದಕ್ಕೂ ಒಂದೊಂದು ಗೋಟಡಿಕೆ ಇಟ್ಟಿದ್ದೆವು. ಬನಿಯನ್ನಿನೊಳಗಿನ ಪರ್ಸಿನಿಂದ ಒಂದು ರೂಪಾಯಿಯೂ ಹೋಗಿರಲಿಲ್ಲ.

ಆಮೇಲೆ ನಾನು ಎಷ್ಟೋ ಜನರಿಗೆ ಈ ಕತೆ ಹೇಳಿದ್ದೇನೆ. ಎಲ್ಲರೂ ನೋಟು ಒಣಗಿಸಿದ್ದಕ್ಕೆ ನಗುತ್ತಾರೆ, ಮರುದಿನ ಕಡಲಿಗೆ ಇಳಿಯುತ್ತಾರೆ.

ಬೀಚಿನಲ್ಲಿ ಪೇಟೆಯವರು ಆರಿಸಿಕೊಳ್ಳುವ ಜಾಗವೇ ತಪ್ಪು, ಅದೂ ಕಡಲೇ ಕಲಿಸಿದ ತಪ್ಪು. ತೆರೆಗಳು ದಂಡೆಗೆ ತಂದು ಸುರಿದ ನೀರೆಲ್ಲ ಎಲ್ಲಿಂದಾದರೂ ವಾಪಸ್ ಹೋಗಬೇಕಲ್ಲ. ನೀರಿನಡಿಯ ಮರಳದಿಬ್ಬಗಳ ನಡುವೆ ಸಂದು ಸಿಕ್ಕಿದಲ್ಲಿ, ಅಥವಾ ಬಂಡೆಯ ಬದಿಯಲ್ಲಿ, ಅದು ಒಟ್ಟಾಗಿ ಹೊಳೆಯ ಹಾಗೆ ಹೊರಗೆ ನುಗ್ಗುತ್ತದೆ. ಆ ಸಂದಿನಲ್ಲಿ ಆಳ ಹೆಚ್ಚು, ಹಾಗಾಗಿ ಅಲ್ಲಿ ತೆರೆ ಒಡೆಯುವುದು ಕಡಿಮೆ. ದಂಡೆಯಲ್ಲಿ ನಿಂತು ನೋಡಿದರೆ ಎರಡೂ ಬದಿಯಲ್ಲಿ ಬಿಳಿ ನೊರೆ ಎದ್ದು ಬೀಳುತ್ತಿರುತ್ತದೆ, ನಡುವೆ ಒಂದು ಓಣಿ ಮಾತ್ರ ಪಾಪದ ಹಾಗೆ ಸಪಾಟಾಗಿರುತ್ತದೆ. ಮಕ್ಕಳನ್ನು ಕರೆದುಕೊಂಡು ಬಂದವರು ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕಿದವರು ದಂಡೆ ನೋಡಿ ನೇರ ಈಜಲು ಹೋಗಿ, ಕೈಸೋತು ಮುಳುಗುತ್ತಾರೆ. ದಂಡೆಗೆ ಸಮವಾಗಿ ಬದಿಗೆ ಈಜಿ ಸೆಳೆತದ ಅಗಲ ದಾಟಬೇಕು, ಅಷ್ಟೂ ಶಕ್ತಿಯಿಲ್ಲದಿದ್ದರೆ ತೇಲಿಕೊಂಡು ಕೈ ಎತ್ತಬೇಕು. ಈ ಮಾತನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳಿಕೊಡಲಿಲ್ಲ. ಕಡಲಿಗೆ ಎರಡು ಕಿಲೋಮೀಟರ್ ದೂರದ ಶಾಲೆಯಲ್ಲಿ ನಾವು ಮರುಭೂಮಿಯ ಒಂಟೆಯ ಬಗ್ಗೆ ಎರಡು ಪುಟ ಬರೆದು ಪಾಸಾದೆವು.

ಕಡಲಿನವರೇ ಕಡಲಿಗೆ ಎಷ್ಟು ಹೆದರುತ್ತಾರೆ ಎಂದು ತಿಳಿಯಬೇಕಾದರೆ ಮಳೆಗಾಲದ ದಕ್ಕೆ ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಕಾಲ ಎಂಬುದು ಸರಕಾರದ ಕಾರಣ. ನಿಷೇಧ ಇಲ್ಲದಿದ್ದರೂ ಆ ದಿನಗಳಲ್ಲಿ ಬುದ್ಧಿ ಇದ್ದವರು ಹೋಗುವುದಿಲ್ಲ. ನೂರಾರು ಬೋಟುಗಳು ಒಂದಕ್ಕೊಂದು ಮೈ ಒರಸಿಕೊಂಡು ಕಟ್ಟಿಹಾಕಿಕೊಂಡಿರುತ್ತವೆ. ನೇತ್ರಾವತಿ, ಫಲ್ಗುಣಿ ಎರಡೂ ಕೂಡಿ ಕಡಲಿಗೆ ಬೀಳುವ ಅಳಿವೆ ಬಾಗಿಲಿನಲ್ಲಿ, ಹುಟ್ಟಿದಂದಿನಿಂದ ಬೋಟಿನಲ್ಲೇ ಬೆಳೆದವರೂ ಮಾತು ನಿಲ್ಲಿಸಿ ದಾಟುತ್ತಾರೆ. ಇಂಥ ಕಡಲಿಗೆ, ಅದೇ ಜೂನ್ ಜುಲೈಯಲ್ಲಿ, ಬೆಂಗಳೂರಿನ ಟೆಂಪೋ ಟ್ರಾವೆಲರಿನಿಂದ ಇಳಿದ ಹುಡುಗರು ಲೈಫ್‌ಗಾರ್ಡಿನ ಸೀಟಿಗೆ ಕೈಬೀಸಿ ಟಾಟಾ ಮಾಡುತ್ತಾ ಹೋಗುತ್ತಾರೆ. ಮಲ್ಪೆಯಲ್ಲಿ ಮಳೆಗಾಲಕ್ಕೆ ದಂಡೆಗುಂಟ ಬಲೆಯ ಬೇಲಿಯನ್ನೇ ಕಟ್ಟುತ್ತಾರೆ. ಅದನ್ನೂ ಎತ್ತಿ ನುಸುಳುವವರಿದ್ದಾರೆ. ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಂದ್ ಎಂದರೆ ಟಿಕೆಟ್ ಕೌಂಟರಿನವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ, “ಅಷ್ಟು ದೂರದಿಂದ ಬಂದಿದ್ದೇವೆ” ಎಂದು. ಕಡಲಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ಅಲ್ಲಿಗೆ ನನ್ನ ಪಟ್ಟಿಯ ಮೊದಲ ಸಾಲು ಸಿಕ್ಕಿತು. ನಾವೇ ಹೆಮ್ಮೆಯಿಂದ ಫೋಟೋ ಹಾಕಿ ಬನ್ನಿ ಎಂದು ಕರೆಯುವ ಜಾಗದ ಹೆಸರು.

ಎರಡನೇ ಸಾಲು ಬರೆಯುವ ಮೊದಲು ಪುಟ್ಟಿಗೆ ಫೋನ್ ಮಾಡಿದೆ. “ನಾಲ್ಕು ಜನ ಎಂದರೆ ಯಾರೆಲ್ಲ?” ಎಂದೆ. ಎರಡು ಹುಡುಗಿಯರು, ಎರಡು ಹುಡುಗರು. ಒಬ್ಬನ ಹೆಸರು ಕೇಳಿ ನಾನು ಸುಮ್ಮನಾದೆ. ಅವಳಿಗೂ ಅರ್ಥವಾಯಿತು. “ಅತ್ತೆ, ನೀವೂ?” ಎಂದಳು.

ಇಲ್ಲ ಮಗಾ, ನನಗೇನಲ್ಲ ಎಂದೆ. ಆದರೆ ಸುಮ್ಮನಾದದ್ದು ಸುಳ್ಳಲ್ಲವಲ್ಲ.

ಇದನ್ನು ಬರೆಯದೆ ಬಿಟ್ಟರೆ ಊರಿನ ಮರ್ಯಾದೆ ಉಳಿಯುತ್ತದೆ ಎಂದು ನನ್ನ ಗೆಳತಿಯೊಬ್ಬಳು ಹೇಳುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. 2009ರ ಜನವರಿ 24ರಂದು ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಓಡಿಸಿ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಆ ಜಾಗ ಬಲ್ಮಠ. ಕಾಲೇಜು, ಆಸ್ಪತ್ರೆ, ಚರ್ಚಿನ ಸಂಸ್ಥೆಗಳು, ಒಳ್ಳೊಳ್ಳೆಯ ಬಟ್ಟೆ ಅಂಗಡಿಗಳು ಇರುವ, ಯಾವ ತಾಯಿಯೂ ಮಗಳಿಗೆ “ಹೋಗುದು ಬೇಡ” ಎಂದು ಹೇಳದ ರಸ್ತೆ. 2018ರಲ್ಲಿ ಕೋರ್ಟು ಆರೋಪಿಗಳನ್ನು ಖುಲಾಸೆ ಮಾಡಿತು. 2012ರ ಜುಲೈಯಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಮಕ್ಕಳ ಮೇಲೆ ಬಿದ್ದದ್ದು ಪಡೀಲಿನ ಹೋಮ್‌ಸ್ಟೇಯಲ್ಲಿ. 2023ರ ಜೂನಿನಲ್ಲಿ ಒಟ್ಟಿಗೆ ಬಂದಿದ್ದ ಹುಡುಗ ಹುಡುಗಿಯರನ್ನು ಅಡ್ಡಗಟ್ಟಿ ಹುಡುಗರಿಗೆ ಹೊಡೆದದ್ದು ಸೋಮೇಶ್ವರದ ಬೀಚಿನಲ್ಲಿ. ಪಬ್ಬು, ಹೋಮ್‌ಸ್ಟೇ, ಬೀಚು. ಪ್ರವಾಸೋದ್ಯಮದ ಕರಪತ್ರದಲ್ಲಿ ಇರುವುದೂ ಇವೇ. ಬಂದರಿನ ಓಣಿಯಲ್ಲಿ ಹಮಾಲಿಯೊಬ್ಬ ಪ್ರವಾಸಿಯ ಹೆಸರು ಕೇಳಿ, ಪಕ್ಕದಲ್ಲಿರುವವಳ ಹೆಸರು ಕೇಳಿ, ಎರಡೂ ಹೊಂದುವುದಿಲ್ಲ ಎಂದು ಕೈ ಎತ್ತಿದ್ದನ್ನು ನಾನು ಕೇಳಿಲ್ಲ. ಅವರಿಗೆ ಪುರುಸೊತ್ತೂ ಇರುವುದಿಲ್ಲ.

ಪುಟ್ಟಿಗೆ ನಾನು ಏನು ಹೇಳಲಿ? ಆ ಹುಡುಗನನ್ನು ಬಿಟ್ಟು ಬಾ ಎಂದರೆ ನಾನೂ ಆ ಅಡ್ಡಗಟ್ಟುವವರ ಕೆಲಸವನ್ನೇ ಮಾಡಿದ ಹಾಗೆ, ಅದೂ ಫೋನಿನಲ್ಲೇ, ಸುಲಭದಲ್ಲಿ. ಹೇಳದಿದ್ದರೆ ನಾಳೆ ಏನಾದರೂ ಆದರೆ ಅಣ್ಣನಿಗೆ ಯಾವ ಮುಖ ತೋರಿಸಲಿ? ಈ ಎರಡರ ನಡುವೆ ಅರ್ಧ ದಿನ ಕಳೆಯಿತು. ಸಾಂಬಾರಿಗೆ ಉಪ್ಪು ಎರಡು ಸಲ ಹಾಕಿದೆ. ಕೊನೆಗೆ ಹೇಳಿದ್ದು ಇಷ್ಟು: ಎಲ್ಲರೂ ಬನ್ನಿ, ಕತ್ತಲಾದ ಮೇಲೆ ಬೀಚಿನ ಜನವಿಲ್ಲದ ಮೂಲೆಯಲ್ಲಿ ಕೂರುದು ಬೇಡ, ಯಾರಾದರೂ ಬಂದು ಆಧಾರ್ ಕಾರ್ಡು ತೋರಿಸಿ ಎಂದರೆ ವಾದ ಮಾಡದೆ ಜನ ಇರುವ ಅಂಗಡಿಯ ಕಡೆ ನಡೆಯಿರಿ, 112ಕ್ಕೆ ಫೋನ್ ಮಾಡಿ, ಆಮೇಲೆ ನನಗೆ. ಇಷ್ಟು ಹೇಳುವಾಗ ನನ್ನ ದನಿ ಅಮ್ಮನ ದನಿಯ ಹಾಗೇ ಕೇಳಿಸಿತು.

ಉಳಿದದ್ದೆಲ್ಲ ಬೇಗ ಬೇಗ ಬರೆದೆ. ಮಂಗಳೂರು ಬೇಗ ಮಲಗುವ ಊರು. ಹಗಲು ಸೀಟಿ ಊದಿ ಊದಿ ಮೈಮೇಲೆ ಬರುವ ಸಿಟಿ ಬಸ್ಸು ರಾತ್ರಿ ಒಂಬತ್ತರ ಮೇಲೆ ಸಿಕ್ಕಿದರೆ ಪುಣ್ಯ. ಹತ್ತರಿಂದ ಬೆಳಿಗ್ಗೆ ಐದರವರೆಗೆ ರಿಕ್ಷಾಕ್ಕೆ ಮೀಟರಿನ ಒಂದೂವರೆ ಪಟ್ಟು, ಅದು ನಿಯಮ, ಅದಕ್ಕೆ ಜಗಳ ಮಾಡುದು ಬೇಡ. ಎರಡು ಪಟ್ಟು ಕೇಳಿದರೆ ಮಾಡಬಹುದು. ಜೋರು ಮಳೆ ಬಂದರೆ ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲಿನ ಅಂಡರ್‌ಪಾಸು ಕೆರೆಯಾಗುತ್ತವೆ. ನೀರು ನಿಂತ ಫುಟ್‌ಪಾತಿನಲ್ಲಿ ನಡೆಯುದು ಬೇಡ, ಚರಂಡಿಯ ಚಪ್ಪಡಿ ಇದೆಯೋ ಇಲ್ಲವೋ ಎಂಬುದು ಕಾಲಿಟ್ಟ ಮೇಲೆಯೇ ಗೊತ್ತಾಗುವುದು. ನಂತೂರಿನಲ್ಲಿ ರಸ್ತೆ ದಾಟುವ ಸಾಹಸ ಬೇಡವೇ ಬೇಡ.

ನನಗೆ ಈ ಊರಿನಲ್ಲಿ ನಿಜವಾಗಿ ಹೆದರಿಕೆಯಾದ ಜಾಗ ಯಾವುದು ಎಂದು ನನ್ನನ್ನೇ ಕೇಳಿಕೊಂಡೆ. ನಮ್ಮ ಮನೆಗೆ ಬರುವ ದಾರಿಯಲ್ಲಿ ಹಳೆಯ ಹಂಚಿನ ಕಾರ್ಖಾನೆಯ ಉದ್ದ ಗೋಡೆಯೊಂದಿತ್ತು. ಈ ಕಡೆ ಗೋಡೆ, ಆ ಕಡೆ ಪೊದೆ, ನಡುವೆ ಒಂದೇ ಕಂಬದ ದೀಪ, ಅದೂ ಮಿಣುಕುವುದು. ಕೆಲಸದಿಂದ ತಡವಾದ ಒಂದು ದಿನ ಸ್ಕೂಟರಿನವನೊಬ್ಬ ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ನನ್ನ ನಡಿಗೆಯ ವೇಗದಲ್ಲೇ ಪಕ್ಕದಲ್ಲಿ ಬಂದ. ಮಾತಿಲ್ಲ, ಕತೆಯಿಲ್ಲ. ತಿರುವಿನಲ್ಲಿ ಹೋದ. ನೋಡಿದ ಮುಖ, ನಮ್ಮ ಕಡೆಯವನೇ, ದೇವಸ್ಥಾನದ ಜಾತ್ರೆಯಲ್ಲಿ ಸ್ವಯಂಸೇವಕನ ಬಿಲ್ಲೆ ಹಾಕಿ ಗದರುತ್ತಿದ್ದವನು. ಆ ಗೋಡೆ ಅಮ್ಮನ ಪಟ್ಟಿಯಲ್ಲೂ ಇರಲಿಲ್ಲ, ಗೆಳತಿಯ ಉಮ್ಮನ ಪಟ್ಟಿಯಲ್ಲೂ ಇರಲಿಕ್ಕಿಲ್ಲ.

ಎಲ್ಲ ಸೇರಿಸಿ ಕಳಿಸಿದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು. “ಅತ್ತೆ, ನಾನು ಕೇಳಿದ್ದು ಏರಿಯಾ. ನೀವು ಕಳ್ಸಿರೋದು ಟೈಮ್‌ಟೇಬಲ್ಲು.”

ಅವರು ಬಂದರು. ರೂಮು ಹಂಪನಕಟ್ಟೆಯಲ್ಲಿ ಮಾಡಿದ್ದರು. ಉಡುಪಿಯಲ್ಲಿ ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ ನೋಡಿ, ಹುಲಿವೇಷದ ಡೋಲಿಗೆ ಕಿವಿ ಕಿವುಡಾಗಿ ವಾಪಸ್ ಬಂದರು. ಮಲ್ಪೆಯಲ್ಲಿ ಬಲೆಯ ಬೇಲಿ ದಾಟಲಿಲ್ಲ ಎಂದು ಫೋಟೋ ಸಮೇತ ಸಾಬೀತು ಕಳಿಸಿದ್ದರು. ಕೊನೆಯ ದಿನ ಬೆಳಿಗ್ಗೆ ಐದೂವರೆಗೆ ನಾನೇ ಅವರನ್ನು ದಕ್ಕೆಗೆ ಕರೆದುಕೊಂಡು ಹೋದೆ.

ಆಗಸ್ಟಿನ ದಕ್ಕೆ ಎಂದರೆ ಎರಡು ತಿಂಗಳ ಬಾಯಿ ಕಟ್ಟಿದ್ದು ಬಿಚ್ಚಿದ ಹಾಗೆ. ಬೋಟಿನಿಂದ ಬುಟ್ಟಿಗಳು ಇಳಿಯುತ್ತಿದ್ದವು. ಬಂಗುಡೆ, ಬೂತಾಯಿ, ಒಂದು ಕಡೆ ಕಪ್ಪು ಹೊಳಪಿನ ಮಾಂಜಿ. ಐಸ್ ಪುಡಿ ಮಾಡುವ ಯಂತ್ರದ ಸದ್ದಿನಲ್ಲಿ ಏಲಂ ಕೂಗುವವರ ಬಾಯಿ ಮಾತ್ರ ಅಲ್ಲಾಡುತ್ತಿತ್ತು. ನೆಲವಿಡೀ ಲೋಳೆ. “ದಾರಿ, ದಾರಿ” ಎಂದು ಕೂಗುತ್ತಾ ಬರುವವರಿಗೆ ದಾರಿ ಬಿಡದಿದ್ದರೆ ತಪ್ಪು ನಮ್ಮದೇ. ಆಚೆ ಹಳೆ ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಸಿಮೆಂಟು, ತರಕಾರಿ ಒಯ್ಯುವ ಮಂಜಿಗಳು (ಮರದ ಸರಕು ಹಡಗುಗಳು) ಕಡಲು ತಣಿಯಲಿ ಎಂದು ಕಾದು ನಿಂತಿದ್ದವು. ಪುಟ್ಟಿ ಅಂಜಲ್ ಮೀನಿಗೆ ರೇಟು ಕೇಳಿ, ಹೇಳಿದಷ್ಟು ಕೊಟ್ಟಳು. ನಾನು ನೋಡುವಷ್ಟರಲ್ಲಿ ಮುಗಿದಿತ್ತು. ಕಡಿಮೆಯೆಂದರೆ ಮುನ್ನೂರು ರೂಪಾಯಿ ಹೆಚ್ಚು. ಇಡೀ ಪ್ರವಾಸದಲ್ಲಿ ಅವರಿಗೆ ಆದ ಮೋಸ ಅದೊಂದೇ, ಅದೂ ನನ್ನ ಕಣ್ಣೆದುರಿಗೇ.

ಮೀನು ಮಾರಿದ ಹೆಂಗಸಿಗೆ ಅರವತ್ತರ ಮೇಲೆ. ಮುನ್ನೂರರ ಲಾಭದಿಂದ ಖುಷಿಯಲ್ಲಿದ್ದರು. ಎಲ್ಲಿಯವರು, ಏನು ಎಂದು ವಿಚಾರಿಸಿದರು. ದಾವಣಗೆರೆ ಎಂದ ಕೂಡಲೇ, “ಅಯ್ಯೋ, ಅಷ್ಟು ದೂರವಾ? ಅಲ್ಲಿ ಕಡಲು ಇಲ್ಲ ಅಲ್ವಾ, ಹೇಗೆ ಇರ್ತೀರಿ ಮಾರಾಯ್ರೇ” ಎಂದರು. ನಾನು ಸುಮ್ಮನೆ, ನೀವು ಪೇಟೆ ಕಡೆ ಮಾಲ್‌ಗೆಲ್ಲ ಹೋಗಿದ್ದೀರಾ ಎಂದು ಕೇಳಿದೆ. ಮಗ ಒಮ್ಮೆ ಕರೆದುಕೊಂಡು ಹೋಗಿದ್ದನಂತೆ. ಮೆಟ್ಟಿಲು ತಾನೇ ನಡೆಯುವುದು ನೋಡಿ ಹತ್ತಲಿಲ್ಲವಂತೆ. “ಮತ್ತೆ ಬುಟ್ಟಿ ಇದ್ದರೆ ಬಸ್ಸಿನವರೇ ನಿಲ್ಲಿಸುದಿಲ್ಲ ಅಕ್ಕ, ಮಾಲ್‌ನವರು ಬಿಡ್ತಾರಾ?”

ನಾನು ಫೋನಿನಲ್ಲಿ ಹೆಸರು ಕೇಳಿ ಸುಮ್ಮನಾಗಿದ್ದೆನಲ್ಲ, ಆ ಹುಡುಗ ನಮ್ಮೆಲ್ಲರ ಹಿಂದೆ ನಿಂತಿದ್ದ. ಬೆನ್ನಿನ ಬ್ಯಾಗನ್ನು ತಿರುಗಿಸಿ ಎದೆಯ ಮೇಲೆ ಹಾಕಿಕೊಂಡು, ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದ. ದಕ್ಕೆ ಎಂದರೆ ಹುಷಾರು ಎಂದು ಹೋಟೆಲಿನ ಹುಡುಗ ಹೇಳಿದ್ದನಂತೆ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಅದೆಂತ ಮಗಾ, ಎದುರಿಗೆ ಹಾಕಿದ್ದು? ಒಳಗೆ ಮಗು ಉಂಟಾ?”

ಎಲ್ಲರೂ ನಕ್ಕರು, ಅವನು ಕೆಂಪಾದ. ಅಷ್ಟರಲ್ಲಿ ಆಕೆ ಸೆರಗನ್ನು ಸುತ್ತಿ ಸಿಂಬೆ ಮಾಡಿ ತಲೆಗಿಟ್ಟುಕೊಂಡಾಗಿತ್ತು. ಉಳಿದ ಮೀನಿನ ಬುಟ್ಟಿ ನೆಲದ ಮೇಲಿತ್ತು. “ಹ್ಞಾಂ, ಬಾ, ಇದನ್ನು ಸ್ವಲ್ಪ ಎತ್ತಿ ಕೊಡು” ಎಂದು ಅವನನ್ನೇ ಕರೆದರು. ಅವನು ಬಗ್ಗಿದ. ಎದೆಯ ಮೇಲಿನ ಬ್ಯಾಗು ಬುಟ್ಟಿಗೆ ಅಡ್ಡ ಬಂತು. ಮತ್ತೊಮ್ಮೆ ಬಗ್ಗಿದ, ಮತ್ತೆ ಅಡ್ಡ. ಬ್ಯಾಗನ್ನು ಬೆನ್ನಿಗೆ ಸರಿಸಿ, ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಆಕೆಯ ತಲೆಯ ಮಟ್ಟಕ್ಕೆ ಎತ್ತಿದ. ಬುಟ್ಟಿಯ ಸಂದಿನಿಂದ ಮೀನಿನ ನೀರು ಅವನ ಮೊಣಕೈಗೆ ಇಳಿದು, ಅಲ್ಲಿಂದ ಬಿಳಿ ಶೂಗಳ ಮೇಲೆ ತೊಟ್ಟಿಕ್ಕಿತು.